ಬೇಡವೆನ್ನುವ ಕುದುರೆ

ಮೊದಲು ಎಡಗಿವಿ ತಿರುಗಿತು, ಅದರ ಹಿಂದೆಯೇ ಬಲಗಿವಿ, ಎರಡೂ ಮುಂದಕ್ಕೆ ಬಾಗಿ ಚೂಪಾಗಿ ನಿಂತವು, ಅವುಗಳ ನಡುವಿನ ಸಂದಿನಲ್ಲಿ ನನಗೆ ಕಾಣುವುದು ತೋಟದ ಮಣ್ಣುದಾರಿ, ದಾರಿಯ ತಿರುವು, ತಿರುವಿಗೆ ಒರಗಿಕೊಂಡಂತಿರುವ ಬಿದಿರ ಮೆಳೆ, ಅಷ್ಟೇ, ಬೇರೇನಿಲ್ಲ — ಮಿನ್ನಿ ನಿಂತುಬಿಟ್ಟಳು, ನಾನು ಲಗಾಮು ಎಳೆಯಲಿಲ್ಲ, ಮೈ ಹಿಂದಕ್ಕೆ ವಾಲಿಸಲಿಲ್ಲ, ಎತ್ತಿದ ಮುಂಗಾಲನ್ನು ಅವಳೇ ಎತ್ತಿದಲ್ಲಿಗೇ ಇಳಿಸಿದಳು, ನನ್ನ ಎರಡು ಮೊಣಕಾಲ ನಡುವೆ ಅವಳ ಪಕ್ಕೆ ಉಬ್ಬಿ ಹಾಗೆಯೇ ಉಳಿದಿದೆ, ಉಸಿರು ಹಿಡಿದಿದ್ದಾಳೆ, ನಾನೂ ಹಿಡಿದಿದ್ದೇನೆ, ಯಾಕೆಂದು ಗೊತ್ತಿಲ್ಲ. ಮೊನ್ನೆಯ ಹೂಮಳೆಗೆ ಕಾಫಿ ಗಿಡವೆಲ್ಲ ಬೆಳ್ಳಗೆ ಅರಳಿ ಕೂತಿದೆ, ಆ ವಾಸನೆ ಎಷ್ಟು ದಟ್ಟವೆಂದರೆ ಮೂಗಿಗೆ ಬೇರೇನೂ ಹತ್ತುವುದಿಲ್ಲ, ಮನುಷ್ಯರ ಮೂಗಿಗೆ, ಅವಳದ್ದಕ್ಕೆ ಏನು ಹತ್ತುತ್ತದೋ. ಇವತ್ತು ಬೇಡವಾಗಿತ್ತು ಕಣೇ, ಇವತ್ತೊಂದು ದಿನ ಕಣ್ಣು ಮುಚ್ಚಿಕೊಂಡು ನಡೆದುಬಿಟ್ಟಿದ್ದರೆ ಏನಾಗುತ್ತಿತ್ತು, ನಾಳೆಯಿಂದ ಬೇಕಾದಲ್ಲಿ ನಿಲ್ಲಬಹುದಾಗಿತ್ತು — ಬೆಳಿಗ್ಗೆ ಲಾಯದ ಬಾಗಿಲಲ್ಲಿ ಜೀನು ಬಿಗಿಯುತ್ತ ಸಿದ್ದೇಶ ಹೇಳಿದ್ದು ನಿನಗೂ ಕೇಳಿಸಿತ್ತಲ್ಲ, ಅಕ್ಕಾ, ಹೊಳೆ ದಾರೀಲಿ ಹೋಗಿ ಬರೋಣ, ಎಲ್ಲೂ ನಿಲ್ಲದೆ ಹೋಗಿ ಬಂದ್ಲು ಅಂದ್ರೆ ಇಲ್ಲೇ ಇರ್ಲಿ, ನಿಂತ್ಲು ಅಂದ್ರೆ ಮಧ್ಯಾಹ್ನ ಮಾಷ್ ವಂಡಿ ತರ್ತಾರೆ, ಆ ಗಾಡೀಲೇ ಪಳಗಿಸೋಕೆ ಅವರ ಜೊತೆ ಕಳಿಸಿಬಿಡೋಣ, ಆಮೇಲೆ ನೀನು ಮುಖ ಊದಿಸ್ಕೊಂಡು ಕೂರಬಾರದು. ಶೆರಿ ಅಂದೆ ನಾನು. ಎಷ್ಟು ಧೈರ್ಯದಿಂದ ಅಂದುಬಿಟ್ಟೆ. ಆಗ ಲಾಯದೊಳಗೆ ಬಿಸಿಲು ಬಂದಿತ್ತು, ಮಿನ್ನಿ ನನ್ನ ಸೆರಗಿಲ್ಲದ ಹೆಗಲನ್ನು ಮೂಸುತ್ತಿದ್ದಳು, ಚೂಡಿದಾರ ಹಾಕಿದ ಗುರುಬಸಮ್ಮನ ಹೆಗಲು, ಬೇರೆ ಹೆಂಗಸರು ನೋಡಿ ಬಾಯಿಗೆ ಕೈ ಅಡ್ಡ ಇಟ್ಟು ನಗುವ ಹೆಗಲು, ಏನು ಬೇಕಾದರೂ ಸಾಧ್ಯ ಅನ್ನಿಸಿತ್ತು.

ಹಿಂದೆ ಬಾದಲ್‌ನ ಗೊರಸು, ಒಂದೇ ಸಮನೆ, ಗಡಿಯಾರದ ಹಾಗೆ, ಹತ್ತಿರವಾಯಿತು, ನಿಂತಿತು. ಏನಕ್ಕಾ, ನಿಂತ್ಲಾ. ತಮ್ಮನ ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ನನಗೆ ಸುಲಭವಿತ್ತು, ಅವನಿಗೆ ಬೇಸರವಾಗಿದೆ, ಗೆಲ್ಲಲು ಮನಸ್ಸಿಲ್ಲದೆ ಗೆದ್ದವನ ಬೇಸರ. ಒಂದು ನಿಮಿಷ ಇರೋ ಅಂದೆ. ಬಾದಲ್ ಬೂದು ಬಣ್ಣದ ದೊಡ್ಡ ಕುದುರೆ, ಮಿನ್ನಿಗಿಂತ ಒಂದು ಗೇಣು ಎತ್ತರ, ಬಡಗಣ ಸೀಮೆಯಿಂದ ಆ ಹೆಸರು ಹೊತ್ತುಕೊಂಡೇ ಬಂದವನು, ಬಂದ ಹೊಸದರಲ್ಲಿ ಗಾಳಿಗೆ ಎಲೆ ಅಲ್ಲಾಡಿದರೂ ಪಕ್ಕಕ್ಕೆ ನೆಗೆಯುತ್ತಿದ್ದ, ಹೀಗೇ ಒಂದು ದಿನ ಗೊಬ್ಬರದ ಖಾಲಿ ಚೀಲ ಹಾರಿ ಬಂದದ್ದಕ್ಕೆ ನೆಗೆದ, ಮೇಲಿದ್ದ ಹೆಂಗಸು ಬಿದ್ದಳು, ಕೋಳಿಕ್ಕೋಡಿನಿಂದ ರಜೆಗೆ ನಮ್ಮ ತೋಟದ ಮನೆಗೆ ಅತಿಥಿಯಾಗಿ ಬಂದಿದ್ದ ಅನಘ ಅನ್ನುವವಳು, ಹೆಗಲ ಎಲುಬು ಮುರಿಯಿತು, ತಲೆಗೇನೂ ಆಗಲಿಲ್ಲ ಸದ್ಯ. ಮಾನಂತವಾಡಿಯ ಆಸ್ಪತ್ರೆಯ ಬೆಂಚಿನ ಮೇಲೆ ಸಿದ್ದೇಶ ಕೂತಿದ್ದ ರೀತಿ ನನಗೆ ಇನ್ನೂ ಕಣ್ಣಲ್ಲಿದೆ, ಎರಡೂ ಕೈ ತೊಡೆಯ ನಡುವೆ ಸಿಕ್ಕಿಸಿಕೊಂಡು, ಅಮ್ಮ ಹೋದ ದಿನ ಕೂತಿದ್ದ ಹಾಗೆಯೇ, ಆಗ ಅವನು ಎಷ್ಟಿದ್ದ, ನನ್ನ ಸೊಂಟಕ್ಕೆ ಬರುತ್ತಿದ್ದ, ಆಮೇಲೆ ನನ್ನ ಜೊತೆ ಈ ಮನೆಗೇ ಬಂದು ಬೆಳೆದ. ಆ ಹೆಂಗಸೇ ಹೊರಗೆ ಬಂದು ಪರವಾಗಿಲ್ಲ ಚೇಟ್ಟಾ ಎಂದು ಇವನನ್ನು ಸಮಾಧಾನ ಮಾಡಬೇಕಾಯಿತು. ಅವತ್ತಿನಿಂದ ಇವನಿಗೆ ನಿದ್ದೆ ಹತ್ತಲಿಲ್ಲ, ಕುದುರೆಯ ಮೇಲೆ ಯಾರನ್ನಾದರೂ ಹತ್ತಿಸಿ ಕಳಿಸಿದರೆ ಅವರು ತಿರುಗಿ ಬರುವ ತನಕ ಗೇಟಿನ ಹತ್ತಿರವೇ ನಿಂತಿರುತ್ತಿದ್ದ, ಹಾಗಿರುವಾಗ ಯಾರೋ ಮಾಷ್‌ನ ವಿಷಯ ಹೇಳಿದರು, ಕುದುರೆ ಪಳಗಿಸುವವರು, ಅವರ ಕೈಯಿಂದ ಹೊರಬಂದ ಕುದುರೆ ತಲೆಯ ಹತ್ತಿರ ಪಟಾಕಿ ಹೊಡೆದರೂ ಕದಲುವುದಿಲ್ಲವಂತೆ. ಹೌದು, ಕದಲುವುದಿಲ್ಲ. ಮಾಷ್ ಬಂದರು, ಒಳ್ಳೆಯ ಮನುಷ್ಯ, ಮೆಲ್ಲಗೆ ಮಾತಾಡುವವರು, ಒಂದು ಏಟು ಹೊಡೆಯಲಿಲ್ಲ, ಅದನ್ನು ಹೇಳಲೇಬೇಕು. ಬಾದಲ್‌ನನ್ನು ಅಂಗಳದ ಕಂಬಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿದರು, ಒಂದು ಮುಂಗಾಲು ಮಡಿಸಿ ಬಿಗಿದರು, ಆಮೇಲೆ ನೀಲಿ ಟಾರ್ಪಾಲು ತಂದು ಅವನ ಮುಖದ ಹತ್ತಿರ ಬಡಿಯತೊಡಗಿದರು, ಡಬ್ಬ ಬಾರಿಸಿದರು, ಪಟಾಕಿ, ಮತ್ತೆ ಟಾರ್ಪಾಲು, ಅವನು ಕೂಗಿದ, ಹಗ್ಗ ಎಳೆದ, ಮೂರು ಕಾಲಲ್ಲಿ ಎಡವಿ ಮೊಣಕಾಲೂರಿ ಬಿದ್ದ, ಎದ್ದ, ಮೈಯೆಲ್ಲ ಸೋಪು ಹಚ್ಚಿದಂತೆ ನೊರೆ, ಮಾಷ್ ನಿಲ್ಲಿಸಲಿಲ್ಲ, ನಿಲ್ಲಿಸಬಾರದು ಮೇಡಂ, ಈಗ ನಿಲ್ಲಿಸಿದರೆ, ಹೆದರಿದರೆ ಸಾಕು ಬಿಡ್ತಾರೆ ಅಂತ ಕಲೀತಾನೆ, ಅಂದರು ನನಗೆ, ಟಾರ್ಪಾಲು ಬಡಿಯುತ್ತಲೇ. ಮರುದಿನವೂ ಅದೇ. ಯಾವಾಗಲೋ ಒಂದು ಕ್ಷಣದಲ್ಲಿ ಬಾದಲ್ ಉದ್ದಕ್ಕೆ ಉಸಿರು ಬಿಟ್ಟು ತಲೆ ಇಳಿಸಿದ. ಅಷ್ಟೇ. ಮೂಗಿನ ಮೇಲೆ ಟಾರ್ಪಾಲು ಹೊದಿಸಿದರೂ ಕದಲಲಿಲ್ಲ. ನೋಡಿದವರೆಲ್ಲ ಚಪ್ಪಾಳೆ ತಟ್ಟಿದರು, ಸಿದ್ದೇಶನ ಕಣ್ಣಲ್ಲಿ ನೀರು, ನೋಡಕ್ಕಾ, ನಂಬಿಕೆ ಬಂತು ಅವನಿಗೆ, ಅಂದ.

ನಂಬಿಕೆ ಅಲ್ಲ ಅದು, ಅಂದಳು ಜಿಷ. ಎಲ್ಲರ ಮುಂದೆಯೇ ಅಂದಳು, ಮೆಲ್ಲಗೆ ಅನ್ನುವುದು ಅವಳಿಗೆ ಗೊತ್ತಿಲ್ಲ, ಮುಳ್ಳನ್‌ಕೊಲ್ಲಿಯ ಮೆಣಸಿನ ತೋಟದವರ ಮಗಳು, ಮೈಸೂರಿನಲ್ಲಿ ಓಟದ ಕುದುರೆಗಳ ಲಾಯದಲ್ಲಿ ಸವಾರಿ ಮಾಡುತ್ತಿದ್ದು ಅಲ್ಲಿಯ ಕನ್ನಡ ಕಲಿತು ಬಂದವಳು, ನಮ್ಮಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕೆಂದು ಸೇರಿ ಎಲ್ಲರ ಜೊತೆ ಜಗಳ ಕಾಯ್ದವಳು. ಕೂಗಿದ, ಯಾರೂ ಕೇಳಲಿಲ್ಲ, ಇನ್ನು ಕೂಗಿ ಪ್ರಯೋಜನ ಇಲ್ಲ ಅಂತ ಬಾಯಿ ಮುಚ್ಚಿದ್ದಾನೆ, ಪಾವಂ, ಪಾಪ, ಅದಕ್ಕೆ ಚಪ್ಪಾಳೆ ಹೊಡೀತೀರಾ. ಸಿದ್ದೇಶ ಹೇಳಿದ, ಬಿದ್ದದ್ದು ನಿನ್ನ ಅಕ್ಕನೋ ತಂಗಿಯೋ ಆಗಿದ್ದರೆ ಈ ಮಾತು ಬರ್ತಿರ್ಲಿಲ್ಲ. ಇಬ್ಬರದ್ದೂ ಸರಿಯೇ ಅನ್ನಿಸಿತು ನನಗೆ, ಅದೇ ಕಷ್ಟ, ನಾನು ಇಬ್ಬರಿಗೂ ಚಹಾ ಕೊಟ್ಟೆ. ಆದರೆ ಜಿಷ ಮಿನ್ನಿಯ ಜೊತೆ ಮಾಡುತ್ತಿದ್ದದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ಬೆಳಿಗ್ಗೆ ಬೆಳಿಗ್ಗೆ ನೋಡುತ್ತಿದ್ದೆ, ಒಗ್ಗರಣೆ ಸೀದುಹೋದರೂ ಗೊತ್ತಾಗದಷ್ಟು ನೋಡುತ್ತಿದ್ದೆ — ಅದೇ ನೀಲಿ ಟಾರ್ಪಾಲು, ಆದರೆ ಅಂಗಳದ ಆ ತುದಿಯಲ್ಲಿ, ಕೆಲಸದ ಹುಡುಗನ ಕೈಯಲ್ಲಿ, ಮಿನ್ನಿ ಈ ತುದಿಯಲ್ಲಿ, ಹಗ್ಗ ಸಡಿಲ, ಎಷ್ಟು ಸಡಿಲವೆಂದರೆ ನೆಲದಲ್ಲಿ ಎಳೆಯುತ್ತಿತ್ತು, ಮಿನ್ನಿ ತಲೆಯೆತ್ತಿ ಅದನ್ನು ನೋಡುವುದು, ಜಿಷ ಕಾಯುವುದು, ತಾಳವಿಲ್ಲದೆ ಯಾವುದೋ ಮಲಯಾಳಂ ಹಾಡು ಗುನುಗುತ್ತ ಕಾಯುವುದು, ಮಿನ್ನಿ ಒಂದು ಹೆಜ್ಜೆ ಹತ್ತಿರ ಹೋದರೆ ಟಾರ್ಪಾಲು ಹಿಂದೆ ಸರಿಯುವುದು, ನೋಡು, ನೀನು ಹೋದರೆ ಅದೇ ಓಡುತ್ತೆ ಎಂದು ಜಿಷ ಅನ್ನುವುದು, ಮಿನ್ನಿ ಬೇಡವೆಂದು ತಿರುಗಿದರೆ ಜಿಷಳೂ ತಿರುಗಿ ಅವಳ ಜೊತೆಗೇ ನಡೆದುಬಿಡುವುದು. ಬೇಡ ಅಂದರೆ ಬೇಡ. ವೇಂಡ ಅಂದರೆ ವೇಂಡ, ಅನ್ನುತ್ತಿದ್ದಳು ಅವಳ ಭಾಷೆಯಲ್ಲಿ. ವಾರಗಟ್ಟಲೆ. ಒಂದು ದಿನ ಮಿನ್ನಿ ತಾನಾಗಿ ಹೋಗಿ ಟಾರ್ಪಾಲನ್ನು ಮೂಸಿ, ಹಲ್ಲಿನಲ್ಲಿ ಕಚ್ಚಿ ಎತ್ತಿ ಅಂಗಳವೆಲ್ಲ ಎಳೆದಾಡಿದಳು, ಪೇಟ ಕಟ್ಟಿದ ಮದುಮಗನ ಹಾಗೆ ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ನಾನು ಕಿಟಕಿಯಲ್ಲಿ ನಿಂತು ಒಬ್ಬಳೇ ನಕ್ಕೆ, ನಗುತ್ತ ಅತ್ತೆ, ಇಷ್ಟು ದೊಡ್ಡ ಪ್ರಾಣಿಯ ಹೆದರಿಕೆಯನ್ನು ಯಾರೋ ಇಷ್ಟು ಮರ್ಯಾದೆಯಿಂದ ಕೇಳಿಸಿಕೊಂಡದ್ದನ್ನು ನಾನು ನೋಡಿರಲಿಲ್ಲ, ಪ್ರಾಣಿಯದ್ದು ಬಿಡಿ, ಮನುಷ್ಯರದ್ದನ್ನೂ ನೋಡಿರಲಿಲ್ಲ, ನನ್ನನ್ನು ಈ ಊರಿಗೆ ಮದುವೆ ಮಾಡಿಕೊಟ್ಟಾಗ ನಿನಗೆ ಒಪ್ಪಿಗೆಯಾ ಎಂದು ಕೇಳಿದ್ದು ಯಾರು.

ಆಮೇಲೆ ನನ್ನನ್ನೇ ಹತ್ತಿಸಿದಳು. ಮೊಣಕಾಲು ನೋವು ಕಣೇ, ಹೊಳೆಯ ತನಕ ನಡೆದು ಯಾವ ಕಾಲವಾಯಿತು, ಅಂದದ್ದಕ್ಕೆ, ನಿಮ್ಮ ಕಾಲು ಯಾಕೆ ಚೇಚಿ, ಇವಳಿಗೆ ನಾಲ್ಕಿದೆಯಲ್ಲ, ಅಂದಳು, ನನ್ನನ್ನು ಅಕ್ಕಾ ಅನ್ನುವುದು ಅವಳು ಹಾಗೆ. ನನ್ನ ಕೊರಳಲ್ಲಿ ಲಿಂಗ, ಅವಳ ಕೊರಳಲ್ಲಿ ಶಿಲುಬೆ, ಅವಳು ಪೋತ್ತಿರಚಿ ಎಂದು ಕೋಣನ ಮಾಂಸ ತಿಂದ ದಿನ ನಾನು ಮಾರು ದೂರ ಕೂರುತ್ತಿದ್ದೆ, ಆದರೆ ಅವತ್ತು ನನ್ನ ಹೊರೆ ದೇಹವನ್ನು ಅವಳು ಹೆಗಲು ಕೊಟ್ಟು ಮೇಲಕ್ಕೆ ತಳ್ಳಿದಳು, ಇಬ್ಬರೂ ಏದುಸಿರು ಬಿಟ್ಟೆವು, ಮೇಲೆ ಕೂತಾಗ ಮೊದಲು ಕಂಡದ್ದು ಕಾಫಿ ಗಿಡದ ನೆತ್ತಿ, ಇಪ್ಪತ್ತು ಮೂವತ್ತು ವರ್ಷ ಅದೇ ಗಿಡಗಳ ಸಂದಿಯಲ್ಲಿ ಓಡಾಡಿದವಳಿಗೆ ಅವುಗಳ ನೆತ್ತಿ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಒದೆಯಬೇಡಿ, ಕೇಳಿ, ಅಂದಳು ಜಿಷ. ಹೇಗೆ ಕೇಳುವುದು. ಮುಂದೆ ನೋಡಿ, ಹೋಗಬೇಕು ಅಂತ ಮನಸ್ಸಲ್ಲಿ ಅಂದುಕೊಳ್ಳಿ, ಮೈಗೆ ತಾನೇ ಗೊತ್ತಾಗುತ್ತೆ, ನಿಮ್ಮ ಮೈಯಿಂದ ಅವಳ ಮೈಗೆ. ನಾನು ನೋಡಿದೆ, ಅಂದುಕೊಂಡೆ, ಮಿನ್ನಿ ನಡೆದಳು. ಐವತ್ತು ದಾಟಿದ ಮೇಲೆ ನನಗೆ ಒಂದು ಪವಾಡ ಆಯಿತೆಂದರೆ ಅದೇ. ಬಾದಲ್‌ನ ವಿಷಯಕ್ಕೆ ಜಗಳ ದೊಡ್ಡದಾಗಿ ಜಿಷ ಚೀಲ ಕಟ್ಟಿಕೊಂಡು ಹೊರಟಾಗ ನಾನು ತಡೆದೆ, ಅವಳು ನಿಲ್ಲಲಿಲ್ಲ, ಹೋಗುವಾಗ ಹೇಳಿದ್ದು ಒಂದೇ — ಇವಳ ಪೇಡಿ, ಈ ಹೆದರಿಕೆ, ತೆಗೀಬೇಡಿ ಚೇಚಿ, ಕಾಡಿನ ಬದಿಯಲ್ಲಿರೋ ಕುದುರೆ, ಹೆದರಿಕೆ ಇರಲಿ, ಹೇಳಲು ಒಂದು ಬಾಯಿ ಇರಲಿ, ಹತ್ತು ಸಲ ಸುಮ್ಮಸುಮ್ಮನೆ ನಿಂತರೂ ಕೇಳಿ, ಒಂದು ಸಲ ಕೇಳದೆ ಇದ್ದರೆ ಆಮೇಲೆ ಹೇಳಲ್ಲ. ಸುಮ್ಮಸುಮ್ಮನೆ ನಿಂತದ್ದು ನಿಜ, ಒಣಗಲು ಹಾಕಿದ ಕೆಂಪು ಸೀರೆಗೆ ನಿಂತಿದ್ದಾಳೆ, ಅರಣ್ಯದವರ ಹೊಸ ಬೋರ್ಡಿಗೆ ನಿಂತಿದ್ದಾಳೆ, ಒಂದು ಸಲ ಕೋಳಿಗೆ, ಆ ದಿನ ಅತಿಥಿಗಳು ಬಿದ್ದು ಬಿದ್ದು ನಕ್ಕರು, ಸಿದ್ದೇಶನ ಮುಖ ಕಪ್ಪಾಯಿತು. ಈಗ ತಿರುವಿನಲ್ಲಿ ಏನಿದೆ, ಕೋಳಿಯೋ, ಸೀರೆಯೋ, ಏನೂ ಇಲ್ಲವೋ.

ಅಕ್ಕಾ, ಒಂದು ಒದಿ, ಹೋಗ್ತಾಳೆ. ಅವನ ದನಿ ಈಗ ತಗ್ಗಿದೆ, ಬೇಡಿಕೊಳ್ಳುವ ದನಿ, ನಾನ್ ನಿಂತದ್ದು ನೋಡೇ ಇಲ್ಲ ಅಂತ ಇಟ್ಕೋತೀನಿ, ಒದಿ. ಅಯ್ಯೋ ತಮ್ಮಾ. ಅವನಿಗೂ ಅವಳನ್ನು ಕಳಿಸಲು ಮನಸ್ಸಿಲ್ಲ, ಅವಳ ಹಣೆಯ ಬಿಳಿ ಚುಕ್ಕೆ ನೋಡಿ ಮಿನ್ನಿ ಎಂದು ಹೆಸರಿಟ್ಟದ್ದೇ ಅವನು. ಒಂದು ಒದೆತ, ಅಷ್ಟೇ, ಹಿಮ್ಮಡಿ ಅವಳ ಪಕ್ಕೆಗೆ ಒಂದು ಬೆರಳಷ್ಟು ದೂರದಲ್ಲಿದೆ, ಒದ್ದರೆ ಹೋಗುತ್ತಾಳೆ, ನನ್ನ ಮೇಲಿನ ಪ್ರೀತಿಗೆ ಹೋಗುತ್ತಾಳೆ, ಹೊಳೆಯ ತನಕ ಹೋಗಿ ಬರುತ್ತೇವೆ, ವಂಡಿ ಖಾಲಿ ವಾಪಸು ಹೋಗುತ್ತದೆ, ಇವಳು ಕಂಬಕ್ಕೆ ಕಟ್ಟಿಸಿಕೊಳ್ಳುವುದಿಲ್ಲ, ಟಾರ್ಪಾಲು ಇಲ್ಲ, ಮೂರು ಕಾಲು ಇಲ್ಲ — ಇವಳನ್ನು ಉಳಿಸಲು ಒಂದೇ ಒಂದು ಒದೆತ — ಹಿಮ್ಮಡಿ ಎತ್ತಿದೆ, ಹೌದು, ಎತ್ತಿಯೇಬಿಟ್ಟೆ. ಅವಳಿಗೆ ಗೊತ್ತಾಯಿತು, ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿ ನನ್ನ ಕಡೆ ಬಂತು, ಇನ್ನೊಂದು ತಿರುವಿನ ಮೇಲೆಯೇ ಇತ್ತು, ಏನಂತೀಯಾ ಎಂದು ಕೇಳುವ ಹಾಗೆ, ನನ್ನನ್ನು ಕೇಳುತ್ತಿದ್ದಳು, ಕೇಳಿದವಳಿಗೆ ಒದೆತ ಕೊಡುವುದು ಹೇಗೆ. ಒದೆಯಲಿಲ್ಲ. ಕಾಲು ಇಳಿಸಿದೆ. ಬೇಡ ಅಂತಿದ್ದಾಳೆ ಕಣೋ ಸಿದ್ದೇಶ, ನಾವು ತಿರುಗೋಣ. ಅವನು ಬಾದಲ್‌ನ ಲಗಾಮು ಸರಿಮಾಡಿಕೊಂಡ. ಆಮೇಲೆ ಶೆರಿ ಅಂದ, ಶೆರಿ ಅಕ್ಕಾ, ನಿನ್ನಿಷ್ಟ, ಅಲ್ಲಿ ಏನೂ ಇಲ್ಲ ಅಂತ ತೋರಿಸಿ ಬರ್ತೀನಿ, ಇರು — ನನ್ನ ಮೊಣಕಾಲಿಗೆ ಅವನು ಪಾದ ಊರಿದ ರಿಕಾಪು ತಾಗಿತು, ಬಾದಲ್ ನಮ್ಮನ್ನು ದಾಟಿ ಮುಂದೆ ಹೋದ. ಚಂದದ ನಡಿಗೆ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ, ತಲೆ ತಗ್ಗಿಸಿಕೊಂಡು, ಒಂದೇ ಅಳತೆಯ ಹೆಜ್ಜೆ, ಮಿನ್ನಿ ಅವನನ್ನು ನೋಡಿ ಗಂಟಲಲ್ಲೇ ಏನೋ ಸದ್ದು ಮಾಡಿದಳು, ಅವನಿಗೆ ಕೇಳಿಸಿತೋ ಇಲ್ಲವೋ, ಅವನು ನೇರವಾಗಿ, ಹೇಳಿದ ಕಡೆಗೆ ನೇರವಾಗಿ ಹೋದ.

ಬಿದಿರ ಮೆಳೆ ಎಂದು ನಾನು ನೋಡುತ್ತಿದ್ದದ್ದರಲ್ಲಿ ಅರ್ಧ ಬಿದಿರಾಗಿರಲಿಲ್ಲ. ಅದು ಕದಲಿತು. ಬೂದು, ಮಣ್ಣು ಮೆತ್ತಿದ ಬೂದು, ಬೂದುಗೆಂಪು, ಗೋಡೆ, ಗೋಡೆಗೆ ಒಂದು ಕಣ್ಣು, ಆಮೇಲೆ ದಂತ, ಒಂದು, ಎರಡು, ಸದ್ದೇ ಇಲ್ಲ, ಇಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ಬರುವುದೆಂದರೆ — ಒಂಟಿ ಸಲಗ, ದಾರಿಯ ಮೇಲೆ ಪೂರ್ತಿ ಬಂದು ನಿಂತಿತು, ಸೊಂಡಿಲೆತ್ತಿ ಗಾಳಿ ಹಿಡಿಯಿತು. ಬಾದಲ್ ಅದರ ಎದುರಿಗೆ, ಒಂದು ಅಂಗಳದಷ್ಟು ದೂರ, ಅಷ್ಟೂ ಇಲ್ಲ. ಸಿದ್ದೇಶ ಲಗಾಮನ್ನು ಎಡಕ್ಕೆ ಎಳೆದ. ಬಾದಲ್ ತಿರುಗಲಿಲ್ಲ. ಎಳೆದ, ಕುತ್ತಿಗೆ ಮಾತ್ರ ಬಂತು, ಮೈ ಬರಲಿಲ್ಲ, ಹಿಮ್ಮಡಿಯಿಂದ ಒದ್ದ, ಮತ್ತೆ ಒದ್ದ, ಮತ್ತೆ, ಬಾದಲ್ ಉದ್ದಕ್ಕೆ ಒಂದು ಉಸಿರು ಬಿಟ್ಟು ತಲೆ ಇಳಿಸಿ ನಿಂತುಕೊಂಡ. ನನಗೆ ಆ ಉಸಿರು ಕೇಳಿಸಿತು. ಅಂಗಳದಲ್ಲಿ ಕೇಳಿಸಿದ್ದೇ. ಹೆದರಿಕೆ ಬಂದಾಗ ಏನು ಮಾಡಬೇಕೆಂದು ನಾವು ಕಲಿಸಿದ್ದೆವೋ ಅದನ್ನೇ ಮಾಡುತ್ತಿದ್ದ, ಒಳ್ಳೆಯ ವಿದ್ಯಾರ್ಥಿ, ಕದಲಬಾರದು, ಕದಲಿ ಪ್ರಯೋಜನವಿಲ್ಲ, ಕಣ್ಣ ಮುಂದೆ ಏನು ಬಂದರೂ ಮುಗಿಯುವ ತನಕ ನಿಂತಿರಬೇಕು. ಸಲಗ ಕಿವಿಗಳನ್ನು ಅಗಲಿಸಿತು, ಎರಡು ಹೆಜ್ಜೆ ಓಡಿ ಬಂದಂತೆ ಮಾಡಿ ನಿಂತಿತು, ಧೂಳು, ಕಾಫಿ ಹೂವು ಉದುರಿತು. ಇಳಿ, ಅಂದೆ ನಾನು, ನನ್ನ ದನಿ ಎಲ್ಲಿತ್ತೋ, ಇಳಿದು ಬಿಟ್ಟು ಬಾ, ಸಿದ್ದೂ. ಅವನು ಇಳಿದ. ನಿಧಾನವಾಗಿ, ಜೀನು ಹಿಡಿದುಕೊಂಡೇ ಜಾರಿ. ಬಿಟ್ಟು ಬರಲಿಲ್ಲ. ಬಾದಲ್‌ನ ಕುತ್ತಿಗೆಯ ಪಕ್ಕ ನಿಂತು ಲಗಾಮನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತ, ಬಾರೋ, ಬಾರಪ್ಪಾ, ಬಾ ಮಗನೇ, ಎನ್ನುತ್ತಿದ್ದ, ಆನೆಗೆ ಬೆನ್ನು ಹಾಕಿ, ಕುದುರೆಗೆ ಮುಖ ಕೊಟ್ಟು. ಓಡಿಬಂದರೆ ಬದುಕುತ್ತಾನೆ, ಕಾಫಿ ಗಿಡಗಳ ಸಂದಿಗೆ ನುಗ್ಗಿದರೆ ಸಾಕು, ಅದು ಅವನಿಗೂ ಗೊತ್ತು. ಓಡಲಿಲ್ಲ ನನ್ನ ತಮ್ಮ. ಅವನನ್ನು ಬೆಳೆಸಿದವಳು ನಾನು, ಆದರೆ ಇದನ್ನು ನಾನು ಕಲಿಸಿರಲಿಲ್ಲ.

ಮಿನ್ನಿ ನನ್ನ ಕೆಳಗೆ ಬಿಲ್ಲಿನ ಹಾಗೆ ಬಿಗಿದಿದ್ದಾಳೆ, ಓಡುತ್ತೇನೆ ಅನ್ನುತ್ತಿದ್ದಾಳೆ, ಇನ್ನೂ ಓಡಿಲ್ಲ, ನನ್ನನ್ನು ಕೇಳುತ್ತಿದ್ದಾಳೆ — ಆಗ ಜಿಷಳ ಮಾತು, ಎಲ್ಲಿಂದ ಬಂತೋ, ಒಮ್ಮೆ ನಾನು ಸವಾರಿಗೆ ಹೊರಟು ಮಿನ್ನಿ ಲಾಯದ ಕುದುರೆಗಳನ್ನು ಬಿಟ್ಟು ಬರಲೊಲ್ಲದೆ ಕಾಡಿದ ದಿನ ಹೇಳಿದ್ದು, ಒಂಟಿಯಾಗೋದೇ ಅವಕ್ಕೆ ದೊಡ್ಡ ಪೇಡಿ ಚೇಚಿ, ಬೇರೆ ಎಲ್ಲ ಆಮೇಲೆ, ಹೋಗೋ ಕುದುರೆಯ ಗೊರಸಿನ ಸದ್ದು ಕೇಳಿದರೆ ಉಳಿದದ್ದು ಹಿಂದೆ ಹೋಗಲೇಬೇಕು, ಯಾರೂ ಕಲಿಸಿದ್ದಲ್ಲ, ಹುಟ್ಟಿನಿಂದ ಬಂದದ್ದು. ಹೋಗುವ ಕುದುರೆ. ನಾನು ಹೋಗಬೇಕು. ಅಲ್ಲಿ ನನ್ನ ತಮ್ಮ ನಿಂತಿದ್ದಾನೆ, ಅವನ ಬೆನ್ನ ಹಿಂದೆ ಆನೆ ನಿಂತಿದೆ, ನಾನು ಕುದುರೆ ತಿರುಗಿಸಿಕೊಂಡು ಹೋಗಬೇಕು, ಅವನು ನೋಡುತ್ತಾನೆ, ಅಕ್ಕ ಬಿಟ್ಟು ಹೊರಟಳು ಎಂದು ನೋಡುತ್ತಾನೆ, ವಿವರಿಸಲು ಹೊತ್ತಿಲ್ಲ, ಕೂಗಿದರೆ ಸಲಗ — ಮಾಷ್ ಕಿತ್ತುಹಾಕದೆ ಬಿಟ್ಟದ್ದು ಬಾದಲ್‌ನೊಳಗೆ ಒಂದಾದರೂ ಇರಬೇಕಲ್ಲ, ಟಾರ್ಪಾಲು ಬಡಿದು ಅದನ್ನೂ ಮುಗಿಸಿದ್ದರೆ, ಬಾದಲ್‌ಗೆ ಮಿನ್ನಿ ಹೋದರೂ ಒಂದೇ ಇದ್ದರೂ ಒಂದೇ ಆಗಿದ್ದರೆ — ತಿರುಗಿಸಿದೆ. ಲಗಾಮು ಮುಟ್ಟಲಿಲ್ಲ, ತಲೆ ತಿರುಗಿಸಿ ಮನೆಯ ಕಡೆ ನೋಡಿದೆ, ಅಷ್ಟೇ, ಮಿನ್ನಿ ನಿಂತಲ್ಲೇ ತಿರುಗಿದಳು. ಸಿದ್ದೇಶನ ಮುಖ ಕಂಡಿತು ಒಂದು ಕ್ಷಣ. ಬಾಯಿ ತೆರೆದಿತ್ತು. ನಾನು ನೋಡಲಿಲ್ಲ, ನೋಡಿದೆ, ನೋಡಬಾರದಿತ್ತು. ಹೋಗೋಣ ಅಂದುಕೊಂಡೆ, ಮೈಯಿಂದ ಮೈಗೆ, ಓಡಬೇಡ, ನಡಿ, ಗಟ್ಟಿ ಹೆಜ್ಜೆ ಹಾಕಿ ನಡಿ, ಕೇಳಿಸಲಿ ಬಾದಲ್‌ಗೆ. ಅವಳ ಮೈಯಲ್ಲಿ ಓಟ ತುಂಬಿ ತುಳುಕುತ್ತಿತ್ತು, ಆದರೂ ನಡೆದಳು, ಟಕ್, ಟಕ್, ಟಕ್, ನನಗಾಗಿ ನಡೆದಳು, ಇಂಥ ಪ್ರಾಣಿಯನ್ನು ಯಾವ ವಂಡಿಗೆ ಹತ್ತಿಸುವುದು. ಮಣ್ಣುದಾರಿಯಲ್ಲಿ ಕಲ್ಲು ಹಾಸಿದ ಜಾಗ ಬಂತು, ಸದ್ದು ದೊಡ್ಡದಾಯಿತು, ಒಳ್ಳೆಯದಾಯಿತು. ಹಿಂದೆ ಏನೂ ಇಲ್ಲ. ಹಿಂದೆ ಒಂದು ಸಲ ಬಿದಿರು ಮುರಿದ ಸದ್ದು. ಶಿವನೇ. ಹಿಂತಿರುಗಿ ನೋಡಬಾರದು, ನೋಡಿದರೆ ನನ್ನ ಮೈ ತಿರುಗುತ್ತದೆ, ಮೈ ತಿರುಗಿದರೆ ಮಿನ್ನಿ ನಿಲ್ಲುತ್ತಾಳೆ, ಮುಂದೆ ನೋಡು ಗುರುಬಸಮ್ಮಾ, ಮುಂದೆ, ಮಂಞಕೊನ್ನ ಮರ, ಅದರ ಹಳದಿ ಹೂವು, ಕಣದ ಗೋಡೆ, ಟಕ್, ಟಕ್, ನಾನು ತಮ್ಮನನ್ನು ಹೊತ್ತುಕೊಂಡು ಇದೇ ದಾರಿಯಲ್ಲಿ ಬಂದಿದ್ದೆ, ಜ್ವರ ಬಂದಿತ್ತು ಅವನಿಗೆ, ಬೆನ್ನ ಮೇಲೆ, ಅವನ ಬಿಸಿ ಉಸಿರು ನನ್ನ ಕುತ್ತಿಗೆಗೆ, ಟಕ್, ಟಕ್ — ಮಿನ್ನಿಯ ಗೊರಸಿಗೂ ಮಿನ್ನಿಯ ಗೊರಸಿಗೂ ನಡುವೆ ಇನ್ನೊಂದು. ಇಲ್ಲ. ಹೌದು. ತಪ್ಪಿದ ತಾಳ, ಎಡವುತ್ತ, ಗಡಿಯಾರದ ಹಾಗಲ್ಲ, ಗಡಿಯಾರ ಕೆಟ್ಟುಹೋಗಿದೆ, ಎಡವಿ, ಓಡಿ, ನಿಂತು, ಮತ್ತೆ ಓಡಿ, ಅದರ ಜೊತೆಗೆ ಮನುಷ್ಯರ ಹೆಜ್ಜೆ, ರಬ್ಬರ್ ಬೂಟಿನದ್ದು, ಅವನದ್ದು.

ಕಣಕ್ಕೆ ಬಂದ ಮೇಲೆ ಹಿಂತಿರುಗಿ ನೋಡಿದೆ. ಬಾದಲ್ ಮುಂದೆ, ಲಗಾಮಿನ ತುದಿ ಹಿಡಿದುಕೊಂಡು ಸಿದ್ದೇಶ ಹಿಂದೆ, ಎಳೆಸಿಕೊಂಡವನಂತೆ ಬರುತ್ತಿದ್ದ, ಅಂಗಿಯ ತೋಳು ಹರಿದಿದೆ, ತಿರುವಿನ ಆಚೆ ಸಲಗ ಕಾಣಲಿಲ್ಲ, ಕೆಳಗೆ ಹೊಳೆಯ ಕಡೆ ಗಿಡಗಳ ನೆತ್ತಿ ಅಲ್ಲಾಡುತ್ತಿತ್ತು ಸಾಲಾಗಿ, ದೂರ ದೂರಕ್ಕೆ. ನಾನು ಇಳಿಯಲು ಹೋಗಿ ಬಿದ್ದೆ ಅಂತಲೇ ಹೇಳಬೇಕು, ಮಿನ್ನಿಯ ಕಾಲು ಹಿಡಿದುಕೊಂಡು ಎದ್ದೆ. ಮಿನ್ನಿ ಬಾದಲ್‌ನ ಕುತ್ತಿಗೆಯ ಮೇಲೆ ಕುತ್ತಿಗೆ ಹಾಕಿದಳು. ಅಕ್ಕಾ, ಅಂದ ಸಿದ್ದೇಶ, ನೀ ಬಿಟ್ಟು ಹೊರಟೆ ಅಂದ್ಕೊಂಡೆ. ಹೊರಟೆನಪ್ಪಾ, ಅಂದೆ, ನೀನು ಬರ್ಲಿ ಅಂತ. ಅವನು ತಲೆ ಅಲ್ಲಾಡಿಸಿದ, ಗೊತ್ತಾಯಿತು ಎನ್ನುವ ಹಾಗೆ, ಇವನು ನನ್ನ ಮಾತು ಕೇಳ್ಲಿಲ್ಲ, ಅವಳ ಗೊರಸು ಕೇಳಿದ್ದೇ ತಲೆ ಎತ್ತಿದ, ಅಂದ, ಸೋಲಿನ ದನಿಯಲ್ಲಲ್ಲ, ಏನೋ ದೊಡ್ಡದನ್ನು ನೋಡಿದವನ ದನಿಯಲ್ಲಿ. ಆಮೇಲೆ ಫೋನ್ ತೆಗೆದು ಮಾಡಿದ, ಮಾಷೇ, ವಂಡಿ ಬೇಡ, ಇಲ್ಲ, ಕುದುರೆ ಚೆನ್ನಾಗಿದೆ, ಚೆನ್ನಾಗಿದೆ ಮಾಷೇ, ಅದಕ್ಕೇ ಬೇಡ. ಇಟ್ಟ. ಜಿಷ ನಂಬರ್ ಇದೆಯಾ ನಿನ್ ಹತ್ರ, ಅಂದ. ಇದೆ ಅಂದೆ. ಬರ್ತಾಳಾ. ಬೈದೇ ಬರೋದು ಅಂದೆ. ಬೈಲಿ ಅಂದ.

ಹಾಗೆ ಮಾತಾಡುತ್ತಿದ್ದಾಗಲೇ ಶುರುವಾಯಿತು, ಬಾದಲ್‌ನ ಹೆಗಲಲ್ಲಿ, ನೊಣ ಕೂತರೆ ಚರ್ಮ ಒದರುತ್ತವಲ್ಲ ಹಾಗೆ, ನೊಣ ಇರಲಿಲ್ಲ, ಒಂದು ಜಾಗದಲ್ಲಿ ಸಣ್ಣಗೆ, ಆಮೇಲೆ ಕುತ್ತಿಗೆಗೆ ಏರಿತು, ಪಕ್ಕೆಗೆ ಇಳಿಯಿತು, ತೊಡೆಗೆ, ಬೂದು ಚರ್ಮವೆಲ್ಲ ನಡುಗತೊಡಗಿತು, ಮಳೆ ಬಿದ್ದ ಕೆರೆಯ ಹಾಗೆ, ಗೊರಸಿನ ತನಕ, ನಿಂತ ನೆಲಕ್ಕೆ ಗೊರಸು ತಾಗಿ ಟಿಕ್ ಟಿಕ್ ಎನ್ನುವಷ್ಟು. ಸಿದ್ದೇಶ ಫೋನ್ ಜೇಬಿಗೆ ಹಾಕಿದ. ಇವತ್ತಿನ ನಡುಕವೊಂದೇ ಅಲ್ಲ ಅದು, ನನಗೆ ನೋಡಿದರೆ ಗೊತ್ತಾಗುತ್ತದೆ, ಟಾರ್ಪಾಲಿನದ್ದು, ಡಬ್ಬದ್ದು, ಮೂರು ಕಾಲಲ್ಲಿ ನಿಂತದ್ದು, ಅವತ್ತಿನಿಂದ ಇವತ್ತಿನ ತನಕ ಅತಿಥಿಗಳನ್ನು ಹೊತ್ತು ತಿರುಗಿದ ಒಂದೊಂದು ಬೆಳಗಿನದ್ದೂ, ಎಲ್ಲ ಒಳಗೇ ಇತ್ತು. ಇತ್ತಲ್ಲಕ್ಕಾ, ಅಂದ ತಮ್ಮ, ಇಷ್ಟು ದಿನ ಹೆದರಿಕೆ ಇತ್ತಲ್ಲ ಇವನಿಗೆ, ಅಂಗೈಯನ್ನು ಅವನ ಹೆಗಲ ಮೇಲೆ ಇಟ್ಟ, ಒತ್ತಲಿಲ್ಲ, ಸವರಲಿಲ್ಲ, ಸುಮ್ಮನಿರು ಅನ್ನಲಿಲ್ಲ, ಇಟ್ಟ ಅಷ್ಟೇ, ಕೈಯೂ ನಡುಗಿತು ಚರ್ಮದ ಜೊತೆಗೆ. ಕಣಕ್ಕೆ ಬಿಸಿಲು ಬಂದಿದೆ, ಯಾರೋ ಗೇಟಿನ ಹತ್ತಿರ ಕರೆಯುತ್ತಿದ್ದಾರೆ, ಫಾರೆಸ್ಟಿನವರಿಗೆ ಹೇಳಬೇಕು, ಸಲಗ ಹೊಳೆಗೆ ಇಳಿದಿದೆ ಎಂದು ಹೇಳಬೇಕು, ಚಹಾ ಇಡಬೇಕು, ಹೋಗಬೇಕು, ಹೋಗಲಾರೆ — ಆ ಕೈ, ಕೈಯ ಕೆಳಗೆ ನಡುಗುವ ಚರ್ಮ, ಜಿಷಳಿಗೆ ಫೋನ್ ಮಾಡಿ ಏನಂತ ಹೇಳುವುದು, ಏನಂತ ಶುರು ಮಾಡುವುದು, ಆ ಕೈ, ಕೈಯ ಕೆಳಗೆ ಚರ್ಮ, ನಡುಗುತ್ತಿದೆ, ಕೈ ತೆಗೆದಿಲ್ಲ, ನಡುಗುತ್ತಿದೆ